ಅಂಗಡಿ ಲೆಕ್ಕ ಹೊಸ ಸಾಫ್ಟ್‌ವೇರ್‌ಗೆ: ಒಬ್ಬರ ಬಾಕಿಯೂ ತಪ್ಪದಂತೆ ಸಾಗಿಸುವುದು ಹೇಗೆ?

ಸಂಕ್ರಾಂತಿಯ ಆಸುಪಾಸಿನಲ್ಲಿ ಲೆಕ್ಕದ ಸಾಫ್ಟ್‌ವೇರ್ ಬದಲಿಸುವ ಮಾತೇ ಎತ್ತಬೇಡಿ. ಆಗ ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ನೆಹರು ಗಂಜಿನಲ್ಲಿ ಹೊಸ ತೊಗರಿಯ ಚೀಲಗಳ ನಡುವೆ ಕಾಲಿಡಲೂ ಜಾಗ ಇರುವುದಿಲ್ಲ. ಆವಕ (ಬಂದಿಳಿಯುವ ಮಾಲು), ಟೆಂಡರ್, ತೂಕ, ರೈತರ ಪಟ್ಟಿ (ಮಾಲು ಮಾರಿದ ರೈತರಿಗೆ ಕೊಡುವ ಲೆಕ್ಕದ ಚೀಟಿ), ಹಮಾಲಿ ಲೆಕ್ಕ ಎಂದು ಗುಮಾಸ್ತರಿಗೆ ಊಟಕ್ಕೂ ಪುರುಸೊತ್ತಿಲ್ಲದ ದಿನಗಳವು. ಯುಗಾದಿ ಸುಮಾರಿಗೆ ಆವಕ ಇಳಿದ ಮೇಲೆ, ಬಿಸಿಲು ಏರಿ ಗಂಜು ಮಧ್ಯಾಹ್ನಕ್ಕೇ ಖಾಲಿಯಾಗುವ ಹೊತ್ತಿಗೆ ಈ ಕೆಲಸಕ್ಕೆ ಕೈ ಹಾಕಿ.

ಹೊಸ ಲೆಕ್ಕದ ತಾರೀಖು ಏಪ್ರಿಲ್ 1 ಇರಲಿ. ದೀಪಾವಳಿಯಲ್ಲಿ ಲಕ್ಷ್ಮೀಪೂಜೆ ಮಾಡಿ ಹೊಸ ಕಿರ್ದಿ (ದಿನದ ಲೆಕ್ಕದ ಪುಸ್ತಕ) ತೆರೆಯುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ, ಪೂಜೆ ಆಗಲಿ. ಆದರೆ ತೆರಿಗೆಯ ವರ್ಷ ಏಪ್ರಿಲ್‌ನಿಂದ ಮಾರ್ಚ್. ಆ ಗೆರೆಯ ಮೇಲೆ ನಿಂತರೆ ಆಸ್ತಿ, ಸಾಲ, ಬಾಕಿಗಳ ಶಿಲ್ಕುಗಳನ್ನಷ್ಟೇ (ಉಳಿಕೆ ಮೊತ್ತಗಳನ್ನಷ್ಟೇ) ಒಯ್ದರೆ ಸಾಕು. ವರ್ಷದ ನಡುವೆ ಬದಲಿಸಿದರೆ ಅಲ್ಲಿಯವರೆಗಿನ ಮಾರಾಟ, ಖರೀದಿ, ಖರ್ಚುಗಳ ಮೊತ್ತವನ್ನೂ ಹೊತ್ತೊಯ್ಯಬೇಕಾಗುತ್ತದೆ. ಬೇರೆ ದಾರಿ ಇಲ್ಲದೆ ನಡುವೆಯೇ ಬದಲಿಸುವವರು ತಿಂಗಳ 1ನೇ ತಾರೀಖನ್ನಾದರೂ ಹಿಡಿಯಿರಿ, ಒಂದೇ ತಿಂಗಳ ಜಿಎಸ್‌ಟಿ ಲೆಕ್ಕ ಎರಡು ಕಡೆ ಹರಿದುಹೋಗುವುದಿಲ್ಲ.

ಏಪ್ರಿಲ್ 1 ಎಂದರೆ ಅದೇ ದಿನ ಎಲ್ಲ ಮುಗಿಯಬೇಕು ಎಂದಲ್ಲ. ಅಂದಿನಿಂದ ಹೊಸ ಬಿಲ್‌ಗಳನ್ನು ಹೊಸದರಲ್ಲೇ ಹಾಕುತ್ತಾ ಹೋಗಿ. ಮಾರ್ಚ್‌ನ ಉಳಿದ ನಮೂದುಗಳನ್ನು ಹಳೆಯದರಲ್ಲಿ ಮುಗಿಸಿ, ಹದಿನೈದು ದಿನ ಬಿಟ್ಟು ಆರಂಭ ಶಿಲ್ಕು ಕೂರಿಸಿದರೂ ನಷ್ಟವಿಲ್ಲ. ಒಂದು ಮಾತು ಮಾತ್ರ ನೆನಪಿರಲಿ: ಆಮೇಲೆ ಆಡಿಟರ್ ಸಾಹೇಬರು ಹಳೆಯ ವರ್ಷದಲ್ಲಿ ಸವಕಳಿಯನ್ನೋ ಬಡ್ಡಿಯನ್ನೋ ತಿದ್ದಿಸಿದರೆ, ಆ ತಿದ್ದುಪಡಿ ತಾನಾಗಿ ಹೊಸ ಸಾಫ್ಟ್‌ವೇರ್‌ಗೆ ಬರುವುದಿಲ್ಲ. ಅಲ್ಲಿನ ಆರಂಭ ಶಿಲ್ಕನ್ನು ನೀವೇ ಕೈಯಾರೆ ಸರಿಪಡಿಸಬೇಕು.

ಏನು ಒಯ್ಯಬೇಕು, ಏನು ಬಿಡಬೇಕು

ಹತ್ತು ವರ್ಷದ ಪ್ರತಿಯೊಂದು ವೋಚರ್ (ಒಂದೊಂದು ವ್ಯವಹಾರದ ನಮೂದು) ಹೊಸದಕ್ಕೆ ಬರಬೇಕು ಎಂದು ಅನೇಕ ಮಾಲೀಕರು ಹಟ ಹಿಡಿಯುತ್ತಾರೆ. ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಬೇರೆ ಬೇರೆ ಕಂಪನಿಯ ಸಾಫ್ಟ್‌ವೇರ್‌ಗಳು ಒಂದೇ ವ್ಯವಹಾರವನ್ನು ಬೇರೆ ಬೇರೆ ರೀತಿಯಲ್ಲಿ ಇಟ್ಟುಕೊಳ್ಳುತ್ತವೆ. ಅಡತ್ (ದಲ್ಲಾಳಿ ಕಮಿಷನ್), ಹಮಾಲಿ, ತೂಕದ ಕಡಿತ ಇರುವ ರೈತರ ಪಟ್ಟಿಯಂಥ ನಮೂದು ಸಾಗುವಾಗ ಮುರಿಯದೇ ಇರುವುದು ಕಡಿಮೆ. ಖಾತೆಗಳ ಪಟ್ಟಿ, ಆರಂಭ ಶಿಲ್ಕು, ಬಾಕಿ ಇರುವ ಬಿಲ್‌ಗಳು, ಮಾಲಿನ ದಾಸ್ತಾನು, ಬ್ಯಾಂಕಿನಲ್ಲಿ ಇನ್ನೂ ಪಾಸಾಗದ ಚೆಕ್‌ಗಳು, ಇಷ್ಟು ಒಯ್ಯಿರಿ. ಹಳೆಯ ವರ್ಷಗಳು ಹಳೆಯ ಮನೆಯಲ್ಲೇ ಇರಲಿ.

ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನ ಹಳೆಯ ಆವೃತ್ತಿಯಿಂದ ಅದರದೇ ಹೊಸ ರೂಪವಾದ ಟ್ಯಾಲಿ ಪ್ರೈಮ್‌ಗೆ ಹೋಗುವವರ ಮಾತು ಬೇರೆ. ಅದು ಒಂದೇ ಮನೆಯೊಳಗಿನ ಸ್ಥಳಾಂತರ, ವೋಚರ್‌ಗಳ ಸಮೇತ ಎಲ್ಲವೂ ಬರುತ್ತದೆ. ಆದರೆ ಹೊಸ ಆವೃತ್ತಿಗೆ ಬದಲಾದ ದತ್ತಾಂಶ ಹಳೆಯದರಲ್ಲಿ ಮತ್ತೆ ತೆರೆಯದೇ ಹೋಗಬಹುದು, ಆದ್ದರಿಂದ ಪ್ರತಿ ತೆಗೆದಿಟ್ಟುಕೊಂಡೇ ಮುಂದುವರಿಯಿರಿ.

ನಿಮ್ಮ ಬೇಳೆ ಮಿಲ್ಲು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆ ಒಂದಿದೆ. ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾವ ನಮೂದನ್ನು ಯಾವಾಗ ತಿದ್ದಿದರು ಎಂಬ ದಾಖಲೆ, ಅಂದರೆ ಆಡಿಟ್ ಟ್ರೇಲ್, 2023ರ ಏಪ್ರಿಲ್ 1ರಿಂದ ಕಡ್ಡಾಯ. ಅದನ್ನು ಬಂದ್ ಮಾಡುವ ಸೌಲಭ್ಯ ಇರಬಾರದು. ಹೊಸದರಲ್ಲಿ ಅದು ಇದೆಯೇ ನೋಡಿ. ಬೇರೆ ಕಂಪನಿಯ ಸಾಫ್ಟ್‌ವೇರ್‌ಗೆ ಹೋದರೆ ಹಳೆಯ ತಿದ್ದುಪಡಿಗಳ ಇತಿಹಾಸ ಜೊತೆಗೆ ಬರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೊದಲು ಪ್ರತಿ, ಆಮೇಲೆ ಮಿಕ್ಕಿದ್ದು

ದತ್ತಾಂಶದ ಇಡೀ ಫೋಲ್ಡರನ್ನು ಎರಡು ಕಡೆ ನಕಲು ಮಾಡಿ. ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ. ಪೆನ್‌ಡ್ರೈವ್‌ಗೆ ಹಾಕಿದೆವು ಎಂದು ನೆಮ್ಮದಿಯಾಗಿ ಕೂರಬೇಡಿ, ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ತೆರೆದು ಮಾರ್ಚ್ 31ರ ನಗದು ಶಿಲ್ಕು ಕಾಣುತ್ತದೆಯೇ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಒಪ್ಪುವುದಿಲ್ಲ.

ಅದೇ ದಿನ ಹಳೆಯದರಿಂದ ತಾಳೆಪಟ್ಟಿ (ಎಲ್ಲ ಖಾತೆಗಳ ಜಮಾ, ನಾವೆ ಅಂದರೆ ಕ್ರೆಡಿಟ್, ಡೆಬಿಟ್ ಮೊತ್ತಗಳು ಸಮ ಇವೆಯೇ ಎಂದು ತೋರಿಸುವ ಪಟ್ಟಿ), ಪ್ರತಿ ಪಾರ್ಟಿಯ ಬಾಕಿ ಪಟ್ಟಿ, ಬಿಲ್‌ವಾರು ಬಾಕಿ, ದಾಸ್ತಾನು ಪಟ್ಟಿ ಇವನ್ನೆಲ್ಲ ಪಿಡಿಎಫ್ ಮಾಡಿ, ಕಾಗದದ ಮೇಲೂ ತೆಗೆದು ಮಾಲೀಕರ ಸಹಿ ಹಾಕಿಸಿ. ಮುಂದೆ ತಾಳೆ ನೋಡುವುದೆಲ್ಲ ಈ ಕಾಗದಕ್ಕೇ.

ಹೆಸರುಗಳ ಕೆಲಸ

ಅತಿ ಹೆಚ್ಚು ಹೊತ್ತು ಹಿಡಿಯುವುದು ಇದು, ಅತಿ ಕಡಿಮೆ ಜನ ಮಾಡುವುದೂ ಇದೇ.

ನಮ್ಮ ಕಡೆ ರೈತರ ಖಾತೆಗೆ ಹೆಸರಿನ ನಂತರ ಊರು ಬರೆಯುತ್ತೇವೆ. ಶರಣಪ್ಪ, ಬಸವರಾಜ, ಮಲ್ಲಿಕಾರ್ಜುನ ಎಂಬ ಹೆಸರು ಊರಿಗೆ ನಾಲ್ಕು ಸಿಗುತ್ತವೆ, ಊರಿಲ್ಲದೆ ಗುರುತು ಸಿಗುವುದಿಲ್ಲ. ಕೆಲ ವರ್ಷಗಳ ಹಿಂದೆ ಒಂದು ಅಡತ್ ಅಂಗಡಿಯ ಲೆಕ್ಕ ಸಾಗಿಸಿದಾಗ, ಸಾಗಿಸುವ ಹಾಳೆಯಲ್ಲಿ ಹೆಸರಿನ ಅಂಕಣಕ್ಕೆ ಅಕ್ಷರಗಳ ಮಿತಿ ಇತ್ತು. ಉದ್ದದ ಹೆಸರುಗಳಲ್ಲಿ ಊರಿನ ಭಾಗ ಕತ್ತರಿಸಿಹೋಯಿತು. ಆಳಂದ ಕಡೆಯ ಒಬ್ಬರು, ಜೇವರ್ಗಿ ಕಡೆಯ ಒಬ್ಬರು, ಇಬ್ಬರ ಹೆಸರೂ ಒಂದೇ. ಹೊಸ ಸಾಫ್ಟ್‌ವೇರ್ ಇಬ್ಬರನ್ನೂ ಒಂದೇ ಖಾತೆ ಮಾಡಿತು. ಒಬ್ಬರಿಗೆ ಅಂಗಡಿಯಿಂದ 84,300 ರೂಪಾಯಿ ಬರಬೇಕಿತ್ತು, ಇನ್ನೊಬ್ಬರು 30,000 ಮುಂಗಡ ಒಯ್ದಿದ್ದರು. ಉಳಿದದ್ದು 54,300. ಜಮಾ ಮತ್ತು ನಾವೆ ಎರಡೂ ಸರಿಯಾಗಿ ಕೂತಿದ್ದರಿಂದ ತಾಳೆಪಟ್ಟಿಯಲ್ಲಿ ಒಂದು ಪೈಸೆ ವ್ಯತ್ಯಾಸ ಕಾಣಲಿಲ್ಲ, ನಾನೂ ಸಹಿ ಮಾಡಿದೆ.

ಜೂನ್‌ನಲ್ಲಿ ಬೀಜ-ಗೊಬ್ಬರಕ್ಕೆಂದು ತಮ್ಮ ರೊಕ್ಕ ಒಯ್ಯಲು ಆಳಂದ ಕಡೆಯವರು ಬಂದರು. ಗುಮಾಸ್ತ ಪರದೆ ನೋಡಿ 54,300 ಎಂದ. "ನಾ ಯಾವಾಗ ಮುಂಗಡ ತಗೊಂಡೀನ್ರಿ ಸಾವ್ಕಾರ್ರ? ನನ್ನ ಪಟ್ಟಿ ನನ್ನ ಕಿಸೆದಾಗ ಅದ ನೋಡ್ರಿ" ಎಂದು ಅವರು ಮಡಚಿದ ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ಅವರ ಕಾಗದ ಸರಿ ಇತ್ತು. ಆ ಕಾಗದ ಇಲ್ಲದಿದ್ದರೆ 30,000 ರೂಪಾಯಿ ಅವರ ಬಿತ್ತನೆಯಿಂದ ಹೋಗುತ್ತಿತ್ತು. ಆ ದಿನದಿಂದ ತಾಳೆಪಟ್ಟಿ ಕೂಡಿತು ಎಂಬ ಒಂದೇ ಕಾರಣಕ್ಕೆ ನಾನು ಸಹಿ ಹಾಕುವುದನ್ನು ಬಿಟ್ಟಿದ್ದೇನೆ.

ಹಾಗಾಗಿ ಸಾಗಿಸುವ ಮೊದಲೇ ಪ್ರತಿ ಖಾತೆಗೂ ಒಂದು ಸಂಖ್ಯೆ ಕೊಡಿ: ರೈತರಿಗೆ ರೈ-001, ಖರೀದಿದಾರರಿಗೆ ಖ-001, ಹೀಗೆ. ಹೆಸರು ಕತ್ತರಿಸಿದರೂ ಸಂಖ್ಯೆ ಉಳಿಯುವಂತೆ ಅದನ್ನು ಹೆಸರಿನ ಆರಂಭದಲ್ಲೇ ಇಡಿ. ಇದರ ಉಲ್ಟಾ ತೊಂದರೆಯೂ ಇದೆ. ಒಬ್ಬರೇ ವ್ಯಾಪಾರಿಯ ಹೆಸರು ಇಂಗ್ಲಿಷಿನಲ್ಲಿ ಒಂದು ಕಡೆ ಒಂದು 'ಪಿ', ಇನ್ನೊಂದು ಕಡೆ ಎರಡು 'ಪಿ' ಹಾಕಿ ಎರಡು ಖಾತೆಗಳಾಗಿರುತ್ತವೆ. ಅವನ್ನು ಹಳೆಯದರಲ್ಲಿಯೇ ಸೇರಿಸಿ. ಜಿಎಸ್‌ಟಿ ನಂಬರ್ ಪ್ರಕಾರ ಪಟ್ಟಿ ಜೋಡಿಸಿದರೆ ಇಂಥ ಜೋಡಿಗಳು ಪಕ್ಕಪಕ್ಕದಲ್ಲಿ ಬಂದು ನಿಲ್ಲುತ್ತವೆ.

ಜಿಎಸ್‌ಟಿ ನಂಬರಿನ 15 ಅಕ್ಷರಗಳೂ ಇವೆಯೇ ಎಣಿಸಿ. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 29, ಮಹಾರಾಷ್ಟ್ರ 27, ತೆಲಂಗಾಣ 36. ಸೊಲ್ಲಾಪುರ, ಲಾತೂರು, ಹೈದರಾಬಾದಿಗೆ ಬೇಳೆ ಕಳಿಸುವ ಕಲಬುರಗಿ-ಬೀದರಿನವರಿಗೆ ಇದು ಬಹಳ ಮುಖ್ಯ. ಹೊಸದರಲ್ಲಿ ರಾಜ್ಯದ ಜಾಗ ಖಾಲಿ ಉಳಿದರೆ ಹೊರರಾಜ್ಯದ ಬಿಲ್‌ಗೆ ಐಜಿಎಸ್‌ಟಿ (ಹೊರರಾಜ್ಯದ ಮಾರಾಟದ ತೆರಿಗೆ) ಬದಲು ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ (ರಾಜ್ಯದೊಳಗಿನ ಮಾರಾಟದ ತೆರಿಗೆ) ಬಿದ್ದುಬಿಡಬಹುದು.

ಎಕ್ಸೆಲ್ ಹಾಳೆಯಲ್ಲಿ ಜಾರುವ ಜಾಗಗಳು

ಎರಡು ಸಾಫ್ಟ್‌ವೇರ್‌ಗಳ ನಡುವಿನ ಸೇತುವೆ ಸಾಮಾನ್ಯವಾಗಿ ಎಕ್ಸೆಲ್, ಸಿಎಸ್‌ವಿ ಅಥವಾ ಎಕ್ಸ್‌ಎಂಎಲ್ ಫೈಲು. ಟ್ಯಾಲಿ ಪ್ರೈಮ್‌ನಲ್ಲಿ 4.0 ಆವೃತ್ತಿಯಿಂದ ಎಕ್ಸೆಲ್ ಹಾಳೆಯನ್ನೇ ನೇರವಾಗಿ ಒಳಗೆ ತರಬಹುದು. ಎಕ್ಸೆಲ್ ಕೆಲವೊಮ್ಮೆ ಕೇಳದೆಯೇ ಅಂಕಿಗಳನ್ನು ಬದಲಿಸುತ್ತದೆ, ಅಲ್ಲಿ ಕಣ್ಣಿಡಿ.

ತೊಗರಿ, ಬೇಳೆಗಳ ಎಚ್‌ಎಸ್‌ಎನ್ ಸಂಖ್ಯೆ (ತೆರಿಗೆಗಾಗಿ ಮಾಲನ್ನು ಗುರುತಿಸುವ ಸಂಖ್ಯೆ) 0713. ಸಾಮಾನ್ಯ ಅಂಕಣದಲ್ಲಿ ಹಾಕಿದರೆ ಎಕ್ಸೆಲ್ ಮೊದಲ ಸೊನ್ನೆ ತಿಂದು 713 ಮಾಡುತ್ತದೆ. ಇಡೀ ಬೇಳೆ ವ್ಯಾಪಾರಕ್ಕೆ ತಪ್ಪು ಸಂಖ್ಯೆ. ಅಂಕಿ ಹಾಕುವ ಮೊದಲೇ ಆ ಅಂಕಣವನ್ನು 'ಟೆಕ್ಸ್ಟ್' ಮಾಡಿಟ್ಟುಕೊಳ್ಳಿ. ಬ್ಯಾಂಕ್ ಖಾತೆ ಸಂಖ್ಯೆಗೂ ಹೀಗೇ ಮಾಡಿ, 15 ಅಂಕಿ ದಾಟಿದರೆ ಎಕ್ಸೆಲ್ ಕೊನೆಯ ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ. ತಾರೀಖು ಇನ್ನೂ ಮೋಸದ್ದು. 05/04 ಎಂಬುದು ನಮಗೆ ಏಪ್ರಿಲ್ 5, ಅಮೆರಿಕದ ಪದ್ಧತಿಗೆ ಹೊಂದಿಸಿದ ಕಂಪ್ಯೂಟರಿಗೆ ಮೇ 4. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಗೊಂದಲವಿಲ್ಲ.

ಕನ್ನಡದಲ್ಲಿ ಹೆಸರು ಬರೆದಿಟ್ಟವರಿಗೆ ಎರಡು ಸೂಚನೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದರೆ ಹೊಸದರಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಸಿಎಸ್‌ವಿ ಉಳಿಸುವಾಗ 'ಯುಟಿಎಫ್-8' ಎಂದಿರುವುದನ್ನೇ ಆರಿಸಿ, ಇಲ್ಲದಿದ್ದರೆ ಅಕ್ಷರಗಳೆಲ್ಲ ಪ್ರಶ್ನೆಚಿಹ್ನೆಗಳಾಗುತ್ತವೆ.

ಒಳಗೆ ತರುವ ಕ್ರಮ

ಮೊದಲು ಖಾತೆ ಮತ್ತು ಮಾಲಿನ ಹೆಸರುಗಳು, ಆಮೇಲೆ ಶಿಲ್ಕು, ಆಮೇಲೆ ಬಾಕಿ ಬಿಲ್‌ಗಳು, ಕೊನೆಗೆ ದಾಸ್ತಾನು. ಒಂದೇ ಏಟಿಗೆ ಎಲ್ಲ ತುಂಬಬೇಡಿ. ಪರೀಕ್ಷೆಗೆಂದೇ ಸಾಫ್ಟ್‌ವೇರ್‌ನಲ್ಲಿ ಒಂದು ಖಾಲಿ ಕಂಪನಿ (ಒಂದು ಅಂಗಡಿಯ ಲೆಕ್ಕಕ್ಕೆ ಅದರಲ್ಲಿ ಇರುವ ಹೆಸರು) ತೆರೆದು ಹತ್ತು ಖಾತೆ ತಂದು ನೋಡಿ. ಜಮಾ ಇದ್ದದ್ದು ನಾವೆ ಕಡೆ ಹೋಗಿದೆಯೇ ಎಂಬುದು ಹತ್ತರಲ್ಲೇ ಗೊತ್ತಾಗುತ್ತದೆ. ಕೆಲವು ಸಾಫ್ಟ್‌ವೇರ್‌ಗಳಿಗೆ ಋಣ ಚಿಹ್ನೆ ಹಾಕಿದರೆ ಜಮಾ, ಕೆಲವಕ್ಕೆ ಬೇರೆ ಅಂಕಣವೇ ಬೇಕು.

ಟ್ಯಾಲಿಯಲ್ಲಿ ಖಾತೆಗಳನ್ನು ಎರಡನೇ ಸಲ ತರುವಾಗ, ಆ ಹೆಸರಿನ ಖಾತೆ ಮೊದಲೇ ಇದ್ದರೆ ಏನು ಮಾಡಲಿ ಎಂದು ಅದು ಕೇಳುತ್ತದೆ. ಆರಂಭ ಶಿಲ್ಕುಗಳನ್ನು ಕೂಡಿಸು ಎಂದು ಆರಿಸಿದಿರೋ, ಎಲ್ಲ ಬಾಕಿಗಳೂ ಎರಡು ಪಟ್ಟಾಗುತ್ತವೆ. ಎರಡೂ ಬದಿ ಸಮನಾಗಿ ಹೆಚ್ಚುವುದರಿಂದ ತಾಳೆಪಟ್ಟಿ ಆಗಲೂ ಕೂಡುತ್ತದೆ! ಎರಡನೇ ಸಲ ತರಲೇಬೇಕಾದರೆ ಪರೀಕ್ಷೆಯ ಕಂಪನಿಯನ್ನು ಅಳಿಸಿ, ಹೊಸದಾಗಿ ಶುರು ಮಾಡುವುದೇ ಸುರಕ್ಷಿತ.

ಬಾಕಿ ಬಿಲ್‌ಗಳನ್ನು ಒಂದೊಂದಾಗಿ, ಮೂಲ ತಾರೀಖಿನ ಸಮೇತ ತನ್ನಿ. 2,40,000 ಬಾಕಿಯನ್ನು ಏಪ್ರಿಲ್ 1ರ ಒಂದೇ ಮೊತ್ತವಾಗಿ ಕೂರಿಸಿದರೆ ಜನವರಿಯ ಉದ್ರಿಯೂ ಮಾರ್ಚ್‌ನ ಉದ್ರಿಯೂ ಒಂದೇ ವಯಸ್ಸಿನವಾಗಿ ಕಾಣುತ್ತವೆ, ಬಡ್ಡಿ ಲೆಕ್ಕವೂ ಕೆಡುತ್ತದೆ.

ದಾಸ್ತಾನಿನಲ್ಲಿ ಮಾಪನ ಗಮನಿಸಿ. ಒಂದರಲ್ಲಿ ಕ್ವಿಂಟಲ್, ಇನ್ನೊಂದರಲ್ಲಿ ಕಿಲೋ ಇದ್ದರೆ ವ್ಯತ್ಯಾಸ ನೂರು ಪಟ್ಟು. ಮಿಲ್ಲಿನವರು ತೊಗರಿ, ಬೇಳೆ, ಚುನ್ನಿ (ಬೇಳೆಯ ನುಚ್ಚು-ಪುಡಿ), ಹೊಟ್ಟು ನಾಲ್ಕನ್ನೂ ಬೇರೆ ಬೇರೆ ಹಾಕಬೇಕು. ಬೇಳೆಯಲ್ಲೂ ಎರಡು ಖಾತೆ ಬೇಕು, ಏಕೆಂದರೆ 25 ಕಿಲೋವರೆಗಿನ ಲೇಬಲ್ ಹಚ್ಚಿದ ಪ್ಯಾಕೆಟ್ ಬೇಳೆಗೆ 2022ರ ಜುಲೈ 18ರಿಂದ ಜಿಎಸ್‌ಟಿ ಬಂತು, ಬಿಡಿ ಬೇಳೆಗೆ ಇಲ್ಲ.

ಬಿಲ್ ಸಂಖ್ಯೆಗೆ ಹೊಸ ಸಾಲು ಶುರು ಮಾಡಿ. ಓರೆಗೆರೆ (/), ಅಡ್ಡಗೀಟು (-) ಸೇರಿ 16 ಅಕ್ಷರ ಮೀರಬಾರದು, ಅದೇ ವರ್ಷದಲ್ಲಿ ಒಂದು ಸಂಖ್ಯೆ ಎರಡು ಸಲ ಬರಬಾರದು.

ತಾಳೆ ನೋಡುವುದು

ತಾಳೆಪಟ್ಟಿ ಮೊದಲ ಬಾಗಿಲು ಮಾತ್ರ. ಹಳೆಯ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಒಂದೇ ಹಾಳೆಯಲ್ಲಿ ಖಾತೆ ಸಂಖ್ಯೆಯ ಮೇಲೆ ಜೋಡಿಸಿ ಒಂದರಿಂದ ಇನ್ನೊಂದನ್ನು ಕಳೆಯಿರಿ. ಸೊನ್ನೆ ಬಾರದ ಪ್ರತಿ ಸಾಲಿಗೂ ಕಾರಣ ಬೇಕು. ಖಾತೆಗಳ ಎಣಿಕೆಯೂ ಸರಿಹೋಗಬೇಕು: ಹಳೆಯದರಲ್ಲಿ 612 ಇದ್ದು ಹೊಸದರಲ್ಲಿ 609 ಇದ್ದರೆ ಮೂವರು ಎಲ್ಲಿ ಹೋದರು ಎಂದು ಹುಡುಕಿ. ದೊಡ್ಡ ಖಾತೆಗಳನ್ನಷ್ಟೇ ನೋಡಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ದೊಡ್ಡ ವ್ಯಾಪಾರಿಗೆ ತನ್ನದೇ ಗುಮಾಸ್ತ ಇದ್ದಾನೆ, ತಪ್ಪಾದರೆ ಮರುದಿನವೇ ಫೋನ್ ಬರುತ್ತದೆ. ನಾಲ್ಕು ಚೀಲ ಹಾಕಿ ಹೋದ ರೈತರ ಖಾತೆಯನ್ನು ನಾವಲ್ಲದೆ ಇನ್ನಾರೂ ನೋಡುವುದಿಲ್ಲ.

ಜಿಎಸ್‌ಟಿಯ ಕ್ರೆಡಿಟ್ ಶಿಲ್ಕನ್ನು (ಖರೀದಿಯಲ್ಲಿ ಕೊಟ್ಟ ತೆರಿಗೆಯಲ್ಲಿ ಮುರಿದುಕೊಳ್ಳಲು ಉಳಿದ ಮೊತ್ತವನ್ನು) ಹಳೆಯ ಸಾಫ್ಟ್‌ವೇರ್‌ಗೆ ಹೋಲಿಸಿದ ಮೇಲೆ ಪೋರ್ಟಲಿನ ಕ್ರೆಡಿಟ್ ಲೆಡ್ಜರಿಗೂ ಹೋಲಿಸಿ. ಮಾರ್ಚ್ 28ರಂದು ಕೊಟ್ಟು ಏಪ್ರಿಲ್ 3ಕ್ಕೆ ಪಾಸಾದ ಚೆಕ್ಕಿನಂಥವು ಬ್ಯಾಂಕ್ ಹೊಂದಾಣಿಕೆಯಲ್ಲಿ ಒಂದೊಂದಾಗಿ ಇರಬೇಕು. ನಂತರ ಒಂದು ವಾರ ಮಾತ್ರ ಹೊಸದರ ಬಿಲ್‌ಗಳನ್ನೆಲ್ಲ ಪರೀಕ್ಷೆಗಾಗಿ ಹಳೆಯದರಲ್ಲೂ ಹಾಕಿ ನೋಡಿ. ಒಬ್ಬನೇ ಗುಮಾಸ್ತನಿಂದ ತಿಂಗಳಿಡೀ ಎರಡೆರಡು ಸಲ ಬರೆಸಿದರೆ ಆಯಾಸದಿಂದಲೇ ಹೊಸ ತಪ್ಪು ಹುಟ್ಟುತ್ತವೆ.

ಹಳೆಯ ಸಾಫ್ಟ್‌ವೇರ್ ಇರುವ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ, ಲೈಸೆನ್ಸ್ ಕೀ ಮತ್ತು ಪಾಸ್‌ವರ್ಡನ್ನು ಬರೆದು ತಿಜೋರಿಯಲ್ಲಿಡಿ. ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ದಾಖಲೆ ಇಡಬೇಕೆಂದು ಜಿಎಸ್‌ಟಿ ಕಾನೂನು ಹೇಳುತ್ತದೆ. 2024-25ರ ಲೆಕ್ಕ ಎಂದರೆ 2031ರ ಡಿಸೆಂಬರ್ 31ರವರೆಗೆ. ಕಂಪನಿಗಳಿಗೆ ಎಂಟು ವರ್ಷ. ವರ್ಷಕ್ಕೊಮ್ಮೆ, ದೀಪಾವಳಿಗೆ ಕಿರ್ದಿ ಪೂಜೆ ಮಾಡುವ ದಿನವೇ ಆಗಲಿ, ಆ ಕಂಪ್ಯೂಟರನ್ನು ಚಾಲೂ ಮಾಡಿ ಒಬ್ಬ ರೈತರ ಹಳೆಯ ಪಟ್ಟಿ ತೆರೆದು ನೋಡಿ. ತೆರೆಯದಿದ್ದರೆ ಮನೆಯಲ್ಲಿಟ್ಟ ಎರಡನೇ ಪ್ರತಿಯಿಂದ ಅಂದೇ ಸರಿಪಡಿಸಿ.