ಆಕ್ಸಿಜನ್ ಕೊನೆಗಿರಲಿ, ಅರ್ಧ ಬಂದರೂ ಬರಲಿ
ಯಾವುದೇ ವಸ್ತು ಉರಿಯುವ ರಾಸಾಯನಿಕ ಸಮೀಕರಣ ಸರಿದೂಗಿಸುವಾಗ, ಅಂದರೆ ಎಡ ಬಲ ಎರಡೂ ಕಡೆ ಪರಮಾಣುಗಳ ಲೆಕ್ಕ ಸಮ ಮಾಡುವಾಗ, ಆಕ್ಸಿಜನ್ ಅನ್ನು ಕೊನೆಗೆ ಎಣಿಸಿ. ಅರ್ಧ ಸಂಖ್ಯೆ ಬಂದರೆ ಹಾಗೇ ಬರೆದುಕೊಂಡು, ಆಮೇಲೆ ಎಲ್ಲವನ್ನೂ 2ರಿಂದ ಗುಣಿಸಿ. ಈಥೇನ್ ಅನಿಲ ಉರಿಯುವುದನ್ನು ನೋಡಿ: ಒಂದು ಅಣುವಿನಲ್ಲಿ 2 ಕಾರ್ಬನ್, 6 ಹೈಡ್ರೋಜನ್. ಹಾಗಾಗಿ ಬಲಗಡೆ 2 ಕಾರ್ಬನ್ ಡೈಆಕ್ಸೈಡ್, 3 ನೀರು. ಅಲ್ಲಿರುವ ಆಕ್ಸಿಜನ್ ಪರಮಾಣು 4 ಮತ್ತು 3, ಒಟ್ಟು 7. ಎಡಗಡೆ ಆಕ್ಸಿಜನ್ ಇರೋದು ಜೋಡಿಯಾಗಿ ಅಲ್ವಾ, ಅಂದರೆ ಮೂರೂವರೆ ಅಣು ಬೇಕು. ಎಲ್ಲವನ್ನೂ ಎರಡರಷ್ಟು ಮಾಡಿ: 2 ಈಥೇನ್, 7 ಆಕ್ಸಿಜನ್, 4 ಕಾರ್ಬನ್ ಡೈಆಕ್ಸೈಡ್, 6 ನೀರು. ಎಡಗಡೆ ಆಕ್ಸಿಜನ್ ಬೇರೆ ಯಾವ ಧಾತುವಿನ ಜೊತೆಗೂ ಸೇರದೆ ಒಂಟಿಯಾಗಿರುತ್ತದೆ. ಅದರ ಮುಂದಿನ ಸಂಖ್ಯೆ ಬದಲಿಸಿದರೆ ಕಾರ್ಬನ್, ಹೈಡ್ರೋಜನ್ ಲೆಕ್ಕ ಕೆಡುವುದಿಲ್ಲ. ಮೊದಲೇ ಅದಕ್ಕೆ ಕೈ ಹಾಕಿದರೆ ಸುಮ್ನೆ ಸುತ್ತುತ್ತಾ ಇರುತ್ತೀರಿ. ಸೂತ್ರದೊಳಗಿನ ಚಿಕ್ಕ ಅಂಕಿಯನ್ನು (H₂O ಒಳಗಿನ 2 ಥರದ್ದು) ಮಾತ್ರ ಯಾವತ್ತೂ ಮುಟ್ಟಬೇಡಿ, ವಸ್ತುವೇ ಬೇರೆ ಆಗಿಬಿಡುತ್ತದೆ. ತಾಮ್ರ ಮತ್ತು ನೈಟ್ರಿಕ್ ಆಮ್ಲದಂಥ ಕ್ರಿಯೆಗಳಲ್ಲಿ ಈ ಉಪಾಯ ಜಾಸ್ತಿ ನೆರವಾಗುವುದಿಲ್ಲ. ಅಲ್ಲಿ ಆಕ್ಸಿಜನ್ ಎಲ್ಲೂ ಒಂಟಿಯಾಗಿಲ್ಲ, ನೈಟ್ರೋಜನ್ ಕೂಡ ಬಲಗಡೆ ಎರಡು ಕಡೆ ಹಂಚಿಹೋಗಿರುತ್ತದೆ. ಅಂಥವಕ್ಕೆ ಯಾವುದು ಎಷ್ಟು ಎಲೆಕ್ಟ್ರಾನ್ ಕೊಟ್ಟಿತು, ಯಾವುದು ಎಷ್ಟು ಪಡೆಯಿತು ಅನ್ನೋ ಲೆಕ್ಕ ಹಿಡಿದು ಹೋಗುವುದೇ ಸರಿ.