ಬೇಡದ ಡ್ರೈವರ್ ತೆಗೆದೆ, ಲೈಸೆನ್ಸ್ ಬಿಲ್ ಇಳಿಸಿದೆ: ನನ್ನ ಅನುಭವ

ಹೋದ ನವೀಕರಣದಲ್ಲಿ ನಮ್ಮ ಫ್ಲೋಟಿಂಗ್ ಲೈಸೆನ್ಸ್ (ಒಬ್ಬರು ಬಿಟ್ಟಾಗ ಇನ್ನೊಬ್ಬರು ಬಳಸಬಹುದಾದ ಸಾಫ್ಟ್‌ವೇರ್ ಪರವಾನಗಿ) 40ರಿಂದ 28ಕ್ಕೆ ಇಳಿಯಿತು. ಯಾರ ಕೆಲಸವೂ ನಿಂತಿಲ್ಲ. "ಇರೋದೇ ಸಾಲ್ತಿಲ್ಲ, ಇನ್ನೂ ಕಮ್ಮಿ ಮಾಡ್ತೀರಾ?" ಅಂತ ಕೇಳಿದವರೇ ಜಾಸ್ತಿ. ಅದೇ ತಿಂಗಳುಗಳಲ್ಲಿ ಸುಮಾರು 60 ಲಿನಕ್ಸ್ ಮೆಷಿನ್‌ಗಳಿಂದ ಬೇಡದ ಡ್ರೈವರ್‌ಗಳನ್ನೂ (ಹಾರ್ಡ್‌ವೇರ್ ನಡೆಸುವ ಸಾಫ್ಟ್‌ವೇರ್) ತೆಗೆದೆ. ಇವೆರಡೂ ಬೇರೆ ಬೇರೆ ಕೆಲಸ ಅಂದುಕೊಂಡೇ ಶುರು ಮಾಡಿದ್ದು. ಹಾಗಲ್ಲ ಅಂತ ಗೊತ್ತಾಗಿದ್ದು ಒಂದು ಕೆಟ್ಟ ಬೆಳಿಗ್ಗೆ.

ಲೈಸೆನ್ಸ್ ಸರ್ವರ್‌ನಲ್ಲಿ ಎರಡು ನೆಟ್‌ವರ್ಕ್ ಕಾರ್ಡ್ ಇದ್ದವು. ಕೇಬಲ್ ಇದ್ದದ್ದು ಒಂದಕ್ಕೆ ಮಾತ್ರ. ಬೋರ್ಡಿನ ಮೇಲಿದ್ದ ಇನ್ನೊಂದಕ್ಕೆ ಇ1000ಇ ಡ್ರೈವರ್. ಲೋಡ್ ಆಗಿರುವ ಡ್ರೈವರ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಮಾಡ್ ಕಮಾಂಡ್‌ನಲ್ಲಿ ಅದರ ಮುಂದೆ ಬಳಕೆಯ ಲೆಕ್ಕ 0 ಅಂತ ತೋರಿಸುತ್ತಿತ್ತು. ಯಾರೂ ಬಳಸ್ತಿಲ್ಲ ಅಂತ ಬ್ಲ್ಯಾಕ್‌ಲಿಸ್ಟ್‌ಗೆ (ತಾನಾಗಿ ಲೋಡ್ ಆಗಬಾರದ ಡ್ರೈವರ್‌ಗಳ ಪಟ್ಟಿಗೆ) ಹಾಕಿ ರಾತ್ರಿ ರೀಬೂಟ್ ಮಾಡಿದೆ. ಬೆಳಿಗ್ಗೆ ಒಬ್ಬರಿಗೂ ಟೂಲ್ ತೆರೆಯಲಿಲ್ಲ. ಲೈಸೆನ್ಸ್ ಲಾಗ್‌ನಲ್ಲಿ "ಇನ್‌ವ್ಯಾಲಿಡ್ ಹೋಸ್ಟ್". ಲೈಸೆನ್ಸ್ ಬರೆಸಿದ್ದು ಆ ಕೇಬಲ್ ಇಲ್ಲದ ಕಾರ್ಡಿನ ಮ್ಯಾಕ್ ವಿಳಾಸಕ್ಕೆ (ಪ್ರತಿ ಕಾರ್ಡಿಗೂ ಇರುವ ಗುರುತಿನ ಸಂಖ್ಯೆಗೆ)! ಡ್ರೈವರ್ ಹೋಯಿತು, ಇಂಟರ್ಫೇಸ್ ಹೋಯಿತು, ಅದರ ಜೊತೆಗೆ ಲೈಸೆನ್ಸ್ ಹುಡುಕುವ ಸರ್ವರ್ ಗುರುತು, ಹೋಸ್ಟ್ ಐಡಿಯೂ ಹೋಯಿತು. ಕಾರಣ ಹುಡುಕಿ ಸರಿಮಾಡೋಕೆ ಎರಡು ಗಂಟೆ ಹಿಡಿಯಿತು. ಮೂವತ್ತು ಜನ ಸುಮ್ನೆ ಕೂತಿದ್ದರು.

ಅವತ್ತೇ ಇನ್ನೊಂದು ವಿಷಯವೂ ಹೊಳೆಯಿತು. ನೆಟ್‌ವರ್ಕ್ ಡ್ರೈವರ್ ಭರ್ತಿ ಕೆಲಸ ಮಾಡುತ್ತಿದ್ದರೂ ಎಲ್‌ಎಸ್‌ಮಾಡ್ 0 ಅಂತಲೇ ತೋರಿಸುತ್ತದೆ. ಕೇಬಲ್ ಇದ್ದ ಕಾರ್ಡಿನ ಡ್ರೈವರ್ ಮುಂದೆಯೂ 0 ಇತ್ತು, ಅದನ್ನು ನಾನು ಗಮನಿಸಿರಲಿಲ್ಲ. ಆ ಅಂಕಿ ನಂಬಿ ಡ್ರೈವರ್ ತೆಗೆಯಬೇಡಿ. ಹಾರ್ಡ್‌ವೇರ್ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಕಮಾಂಡ್‌ಗೆ -ಕೆ ಹಾಕಿ ನೋಡಿ, ಯಾವ ಹಾರ್ಡ್‌ವೇರ್‌ಗೆ ಯಾವ ಡ್ರೈವರ್ ಅಂತ ನೇರವಾಗಿ ಸಿಗುತ್ತದೆ.

ಆಮೇಲೆ ಎರಡು ಪಟ್ಟಿಗಳನ್ನೂ ಒಂದೇ ಶೀಟ್‌ನಲ್ಲಿ ಇಟ್ಟೆ. ಎಡಗಡೆ ಮೆಷಿನ್, ಮಧ್ಯೆ ಅದರಲ್ಲಿರುವ ಮುಚ್ಚಿದ ಮಾಡ್ಯೂಲ್ (ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರುವ, ಸೋರ್ಸ್ ತೆರೆದಿಡದ ಡ್ರೈವರ್ ತುಣುಕು), ಬಲಗಡೆ ಅದಕ್ಕೆ ಯಾರಿಗೆ ದುಡ್ಡು ಕೊಡ್ತಿದ್ದೇವೆ ಅನ್ನೋದು. ಲೋಡ್ ಆಗಿರುವ ಪ್ರತಿ ಮಾಡ್ಯೂಲ್ ಮೇಲೆ, ಅದರ ವಿವರ ಕೊಡುವ ಮಾಡ್‌ಇನ್ಫೋ ಓಡಿಸಿ ಲೈಸೆನ್ಸ್ ಸಾಲು ಮಾತ್ರ ತೆಗೆದೆ, ಜಿಪಿಎಲ್ (ಮುಕ್ತ ಸಾಫ್ಟ್‌ವೇರ್ ಪರವಾನಗಿ) ಇದ್ದದ್ದನ್ನೆಲ್ಲ ಬಿಟ್ಟೆ. ಅದಕ್ಕಿಂತ ಬೇಗ ಸುಳಿವು ಕೊಟ್ಟಿದ್ದು ಕರ್ನಲ್‌ನ ಟೇಂಟೆಡ್ ಅಂಕಿ, ಅಂದರೆ ಅದರೊಳಗೆ ಇಂಥ ಮಾಡ್ಯೂಲ್ ಸೇರಿದೆ ಅಂತ ಹೇಳುವ ಗುರುತು. ಹತ್ತಿರ ಹತ್ತಿರ 20 ಮೆಷಿನ್‌ಗಳಲ್ಲಿ ಅದು 12289. ಬಿಡಿಸಿದರೆ 1, 4096, 8192. ಅಂದರೆ ಮುಚ್ಚಿದ ಮಾಡ್ಯೂಲ್, ಕರ್ನಲ್‌ನ ಸ್ವಂತ ಸೋರ್ಸ್‌ನ ಹೊರಗಿನದ್ದು, ಸಹಿಯೂ ಇಲ್ಲ. ಹುಡುಕಿದರೆ ಹಳೆಯ ಸ್ಟೋರೇಜ್ ಪೆಟ್ಟಿಗೆಯ ಮಾಡ್ಯೂಲ್ ಸಿಕ್ಕಿತು. ಆ ಪೆಟ್ಟಿಗೆ ಎತ್ತಿಹಾಕಿ ಎರಡು ವರ್ಷ ಕಳೆದಿತ್ತು. ಬೆಂಬಲದ ಶುಲ್ಕ ಮಾತ್ರ ಮೆಷಿನ್ ಲೆಕ್ಕದಲ್ಲಿ ಪ್ರತಿ ವರ್ಷ ಹೋಗ್ತಾನೇ ಇತ್ತು. ಇಡೀ ಕೆಲಸದಲ್ಲಿ ಉಳಿದ ದುಡ್ಡಿನ ಕಾಲು ಭಾಗ ಇದೊಂದರಿಂದಲೇ ಬಂತು. ಮಾಡ್ಯೂಲ್ ಇಳಿಸಿದ ತಕ್ಷಣ ಟೇಂಟೆಡ್ ಅಂಕಿ 0 ಆಗುವುದಿಲ್ಲ, ರೀಬೂಟ್ ಬೇಕು. ಇದು ಗೊತ್ತಿಲ್ಲದೆ ಒಂದು ಮಧ್ಯಾಹ್ನ ಹಾಳು ಮಾಡಿಕೊಂಡೆ.

ಇನ್ನು ಮುಕ್ಕಾಲು ಭಾಗ ಫ್ಲೋಟಿಂಗ್ ಲೈಸೆನ್ಸ್‌ನದ್ದು. ಎಷ್ಟು ಲೈಸೆನ್ಸ್ ಬಳಕೆಯಲ್ಲಿದೆ ಅಂತ ತೋರಿಸುವ ಎಲ್‌ಎಂಸ್ಟ್ಯಾಟ್ ಕಮಾಂಡ್ ಆ ಕ್ಷಣದ ಲೆಕ್ಕ ಮಾತ್ರ ಹೇಳುತ್ತದೆ. ನನಗೆ ಬೇಕಿದ್ದದ್ದು ಮೂರು ತಿಂಗಳಿನದ್ದು. ಲೈಸೆನ್ಸ್ ಸರ್ವರ್‌ನ ಡೀಬಗ್ ಲಾಗ್‌ನಲ್ಲಿ ಔಟ್ (ಲೈಸೆನ್ಸ್ ತೆಗೆದುಕೊಂಡಿದ್ದು), ಇನ್ (ಮರಳಿಸಿದ್ದು), ಡಿನೈಡ್ (ಸಿಗದೇ ಹೋದದ್ದು) ಸಾಲುಗಳಿರುತ್ತವೆ, ಅಲ್ವಾ? ಸಾಲಿನಲ್ಲಿ ಗಂಟೆ ಮಾತ್ರ ಇರುತ್ತದೆ. ತಾರೀಖು ಬರುವುದು ಆಗೊಮ್ಮೆ ಈಗೊಮ್ಮೆ, ಟೈಮ್‌ಸ್ಟ್ಯಾಂಪ್ ಸಾಲಿನಲ್ಲಿ. ಎರಡನ್ನೂ ಜೋಡಿಸಿ ನಿಮಿಷಕ್ಕೊಂದು ಲೆಕ್ಕ ತೆಗೆಯುವ ಸ್ಕ್ರಿಪ್ಟ್ ಬರೆದೆ. ಹಗಲಿನ ಗರಿಷ್ಠ 40, ಇದ್ದದ್ದೆಲ್ಲ. ಇದನ್ನು ನೋಡಿ ಟೂಲ್ ಬಳಸುವವರು "ನಾವು ಹೇಳಲಿಲ್ವಾ" ಅಂದರು. ರಾತ್ರಿ ಎರಡು ಗಂಟೆಯ ಲೆಕ್ಕ ತೋರಿಸಿದೆ. ಆಗಲೂ 11, 12 ಹೊರಗೇ ಇದ್ದವು. ರಾತ್ರಿ ಓಡುವ ಜಾಬ್‌ಗೆ ಬೇಕಿದ್ದದ್ದು ಮೂರೇ. ಉಳಿದವು ಟೂಲ್ ತೆರೆದಿಟ್ಟು ಮನೆಗೆ ಹೋದವರದ್ದು. ದಿನಕ್ಕೆ ನೂರಿನ್ನೂರು ಡಿನೈಡ್ ಸಾಲು ಬರ್ತಿತ್ತು ನಿಜ. ಆದರೆ ಒಬ್ಬರೇ ಮತ್ತೆ ಮತ್ತೆ ಒತ್ತಿದರೆ ಪ್ರತಿ ಸಲಕ್ಕೂ ಒಂದು ಸಾಲು ಬೀಳುತ್ತದೆ. ಹೆಸರಿನ ಲೆಕ್ಕ ತೆಗೆದರೆ ನಾಲ್ಕೈದು ಜನ.

ಮೊದಲು ಎಲ್‌ಎಂರಿಮೂವ್ ಕಮಾಂಡ್ ಹಚ್ಚಿ ಲೈಸೆನ್ಸ್‌ಗಳನ್ನು ಬಲವಂತವಾಗಿ ಕಿತ್ತುಕೊಂಡೆ. ಒಬ್ಬರ ರಾತ್ರಿಯಿಡೀ ಓಡಬೇಕಿದ್ದ ಲೆಕ್ಕಾಚಾರ ಅರ್ಧಕ್ಕೆ ನಿಂತಿತು. ಅವರ ಸಿಟ್ಟು ನ್ಯಾಯವೇ. ಆ ದಾರಿ ಬಿಟ್ಟೆ. ಲೈಸೆನ್ಸ್ ಸರ್ವರ್‌ನ ಆಪ್ಷನ್ಸ್ ಫೈಲಿನಲ್ಲಿ ಟೈಮ್‌ಔಟ್ (ಸುಮ್ನೆ ಬಿದ್ದ ಲೈಸೆನ್ಸ್ ಮರಳಿ ಪಡೆಯುವ ಅವಧಿ) ಎರಡು ಗಂಟೆಗೆ ಇಟ್ಟೆ, ರಾತ್ರಿಯ ಜಾಬ್‌ಗೆ ಮೂರನ್ನು ರಿಸರ್ವ್ ಮಾಡಿದೆ. ಟೂಲ್ ಒಪ್ಪಿದರೆ ಮಾತ್ರ ಟೈಮ್‌ಔಟ್ ನಡೆಯುತ್ತದೆ. ನಮ್ಮ ಒಂದು ಟೂಲ್ ಒಪ್ಪಲಿಲ್ಲ. ಅದಕ್ಕೆ ಬೇರೊಂದು ಉಪಾಯ ಮಾಡಿದ್ದೇನೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಗರಿಷ್ಠ 25ರ ಆಸುಪಾಸಿಗೆ ಬಂತು. ಮೂರು ಜಾಸ್ತಿ ಇರಲಿ ಅಂತ 28 ಕೊಂಡೆವು.

ಡ್ರೈವರ್ ಕಡೆ ಉಳಿದದ್ದು ಸಲೀಸು. ಎಲ್ಲ ಮೆಷಿನ್‌ಗಳೂ ಒಂದೇ ಇಮೇಜ್‌ನಿಂದ ಹುಟ್ಟಿದವು. ಗ್ರಾಫಿಕ್ಸ್ ಕಾರ್ಡೇ ಇಲ್ಲದ ಕಡೆಯೂ ಡಿಕೆಎಂಎಸ್ (ಹೊರಗಿನ ಮಾಡ್ಯೂಲ್‌ಗಳನ್ನು ಹೊಸ ಕರ್ನಲ್‌ಗೆ ಮತ್ತೆ ಕಟ್ಟುವ ವ್ಯವಸ್ಥೆ) ಪ್ರತಿ ಕರ್ನಲ್ ಅಪ್‌ಡೇಟ್‌ಗೂ ಅದರ ಮಾಡ್ಯೂಲ್ ಕಟ್ಟುತ್ತಾ ಕೂರುತ್ತಿತ್ತು. ಅದನ್ನು ತೆಗೆದ ಮೇಲೆ ಅಪ್‌ಡೇಟ್ ಸಮಯ ಅರ್ಧಕ್ಕಿಂತ ಕಮ್ಮಿ. ಇನಿಟ್‌ರ್ಯಾಮ್‌ಎಫ್‌ಎಸ್‌ನಲ್ಲಿ (ಬೂಟ್ ಶುರುವಿಗೆ ಬೇಕಾದ ಮಾಡ್ಯೂಲ್‌ಗಳ ಕಟ್ಟು) ಮಾಡ್ಯೂಲ್ಸ್ ಅನ್ನು ಮೋಸ್ಟ್‌ನಿಂದ (ಹೆಚ್ಚಿನವೆಲ್ಲ) ಡೆಪ್‌ಗೆ (ಈ ಮೆಷಿನ್‌ಗೆ ಬೇಕಾದವು ಮಾತ್ರ) ಬದಲಿಸಿದೆ. 70 ಎಂಬಿ ಇದ್ದದ್ದು 25ಕ್ಕೆ ಬಂತು, ಬೂಟ್ ಪಾರ್ಟಿಷನ್ ತುಂಬುವ ಗೋಳು ತಪ್ಪಿತು. ಆದರೆ ಆ ಡಿಸ್ಕ್ ತೆಗೆದು ಬೇರೆ ಥರದ ಮೆಷಿನ್‌ಗೆ ಹಾಕಿದರೆ ಬೂಟ್ ಆಗದೇ ಇರಬಹುದು. ಹಾಗಾಗಿ ಬದಲಿಗೆ ಇಟ್ಟ ಡಿಸ್ಕ್‌ಗಳಲ್ಲಿ ಮೋಸ್ಟ್ ಹಾಗೇ ಬಿಟ್ಟಿದ್ದೇನೆ.

ಆಸೆಯಿಂದ ಒಂದು ಮೆಷಿನ್‌ನಲ್ಲಿ ಲೋಕಲ್‌ಮಾಡ್‌ಕಾನ್ಫಿಗ್ (ಆಗ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ ಆರಿಸುವ ವಿಧಾನ) ಹಾಕಿ ಸ್ವಂತ ಕರ್ನಲ್ ಕೂಡ ಕಟ್ಟಿದೆ. ಕಟ್ಟೋದು ಬಹಳ ಬೇಗ ಮುಗಿಯಿತು. ಆದರೆ ಆ ಹೊತ್ತಿಗೆ ಯುಎಸ್‌ಬಿ ಡಿಸ್ಕ್ ಚುಚ್ಚಿರಲಿಲ್ಲ, ಅದರ ಮಾಡ್ಯೂಲೇ ಬರಲಿಲ್ಲ. ಬೂಟ್‌ನಲ್ಲಿ ಉಳಿದದ್ದು ಒಂದೆರಡು ಸೆಕೆಂಡ್. 60 ಮೆಷಿನ್‌ಗೆ ಅದನ್ನು ಸಾಕುವುದು ಬೇಡ ಅನ್ನಿಸಿತು.

ಬ್ಲ್ಯಾಕ್‌ಲಿಸ್ಟ್ ಬರೀ ತಾನಾಗಿ ಲೋಡ್ ಆಗುವುದನ್ನು ತಡೆಯುತ್ತದೆ. ಇನ್ನೊಂದು ಮಾಡ್ಯೂಲ್ ಕರೆದರೆ ಬಂದೇ ಬರುತ್ತದೆ. ಪೂರ್ತಿ ನಿಲ್ಲಿಸಬೇಕಾದವಕ್ಕೆ ನಾನು ಇನ್‌ಸ್ಟಾಲ್ ಸಾಲು ಬರೆದು ಬಿನ್ ಫಾಲ್ಸ್ (ಯಾವಾಗಲೂ ವಿಫಲವಾಗುವ ಕಮಾಂಡ್) ಕೊಡುತ್ತೇನೆ. ಲೈಸೆನ್ಸ್ ಸರ್ವರ್‌ನಲ್ಲಿರುವ ಬ್ಲ್ಯಾಕ್‌ಲಿಸ್ಟ್ ಫೈಲಿನ ಮೊದಲ ಸಾಲು ಈಗ ಒಂದು ಕಾಮೆಂಟ್: ಲೈಸೆನ್ಸ್ ಬರೆಸಿದ ಕಾರ್ಡಿನ ಮ್ಯಾಕ್ ವಿಳಾಸ, ಪಕ್ಕದಲ್ಲಿ ಅದರ ಡ್ರೈವರ್ ಹೆಸರು.