ಮನಸ್ಸು ಗಟ್ಟಿ ಮಾಡ್ಕೋ ಅಂದರು, ಹೇಗೆ ಅಂತ ಹೇಳಲಿಲ್ಲ

ಅಪ್ಪನಿಗೆ ಸ್ಟ್ರೋಕ್ ಆಗಿ ಒಂದು ಮಗ್ಗುಲು ಸ್ವಾಧೀನ ತಪ್ಪಿದ ಮೇಲೆ ಅವರನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನ ಮತ್ತು ತಮ್ಮನ ಮೇಲೆ ಬಿತ್ತು. ಕೆಲಸಕ್ಕೂ ಹೋಗಬೇಕು, ಮನೆಯೂ ನಡೆಯಬೇಕು. ನೋಡಲು ಬಂದವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು, ‘ಮನಸ್ಸು ಗಟ್ಟಿ ಮಾಡ್ಕೋ’. ಪ್ರೀತಿಯಿಂದಲೇ ಹೇಳಿದರು. ಆದರೆ ಬೆಳಿಗ್ಗೆ ಎದ್ದು ಏನು ಮಾಡಿದರೆ ಮನಸ್ಸು ಗಟ್ಟಿಯಾಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅದನ್ನು ನಾವೇ ದಿನದಿನ ಹುಡುಕಿಕೊಳ್ಳಬೇಕಾಯಿತು.

ಈ ವರ್ಷಗಳಲ್ಲಿ ನನಗೆ ಅರ್ಥವಾದದ್ದು ಇಷ್ಟು. ಎಂಥವರೂ ಕುಗ್ಗುತ್ತಾರೆ. ಕುಗ್ಗಿದವರು ಎಷ್ಟು ಬೇಗ ಸುಧಾರಿಸಿಕೊಳ್ಳುತ್ತಾರೆ ಅನ್ನುವುದು ಅವರ ಧೈರ್ಯಕ್ಕಿಂತ ಜಾಸ್ತಿ, ಮಾಮೂಲಿ ದಿನಗಳಲ್ಲಿ ಅವರು ಮಾಡಿಟ್ಟುಕೊಂಡ ಸಣ್ಣಪುಟ್ಟ ಏರ್ಪಾಡುಗಳ ಮೇಲೆ ನಿಂತಿರುತ್ತದೆ.

ಮೊದಲ ಏರ್ಪಾಡು ನಿದ್ದೆಯದು. ದೊಡ್ಡವರಿಗೆ ರಾತ್ರಿ ಕಡಿಮೆ ಅಂದರೂ 7 ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಾರೆ. ರೋಗಿ ಇರುವ ಮನೆಯಲ್ಲಿ ಮೊದಲು ಹೋಗುವುದೇ ಅದು. ಮಗ್ಗುಲು ಬದಲಾಯಿಸಬೇಕು, ನೀರು ಕೊಡಬೇಕು, ಬಾತ್‌ರೂಮಿಗೆ ಕರೆದುಕೊಂಡು ಹೋಗಬೇಕು. ಇಬ್ಬರೂ ಎದ್ದು ಇಬ್ಬರೂ ಸುಸ್ತಾಗುವುದರಲ್ಲಿ ಅರ್ಥವಿಲ್ಲ ಅಂತ ರಾತ್ರಿಗಳನ್ನು ಪಾಳಿ ಹಾಕಿಕೊಂಡೆವು. ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಕು, ತೀರಾ ತುರ್ತು ಇದ್ದರೆ ಮಾತ್ರ ಎಬ್ಬಿಸಬೇಕು. ಇದರ ಜೊತೆಗೆ ಇನ್ನೊಂದು ನಿಯಮ: ನಿದ್ದೆಗೆಟ್ಟ ಮರುದಿನ ದೊಡ್ಡ ತೀರ್ಮಾನ ಏನೂ ಮಾಡುವ ಹಾಗಿಲ್ಲ. ಕೆಲಸ ಬಿಡಬೇಕಾ, ಆಸ್ಪತ್ರೆ ಬದಲಾಯಿಸಬೇಕಾ ಅನ್ನುವ ಪ್ರಶ್ನೆಗಳೆಲ್ಲ ಒಂದು ಒಳ್ಳೆ ನಿದ್ದೆ ಆದ ಮೇಲೆ. ಎಷ್ಟೋ ಪ್ರಶ್ನೆಗಳು ಆ ಹೊತ್ತಿಗೆ ಅರ್ಧ ಸಣ್ಣದಾಗಿರುತ್ತಿದ್ದವು.

ಎರಡನೆಯದು ಸಿಟ್ಟು ಬಂದಾಗ ಮಾಡುವ ಕೆಲಸ. ಅಪ್ಪ ಕೈ ವ್ಯಾಯಾಮ ಮಾಡಲು ಒಪ್ಪುತ್ತಿರಲಿಲ್ಲ. ಮೆತ್ತನೆಯ ರಬ್ಬರ್ ಚೆಂಡನ್ನು ಅಂಗೈಯಲ್ಲಿಟ್ಟು ‘ಅಪ್ಪಾ, ಒಂದು ಸಲ ಅದುಮಿ’ ಅಂದರೆ ಮುಖ ತಿರುಗಿಸುತ್ತಿದ್ದರು. ಚೆಂಡು ಉರುಳಿ ಮಂಚದ ಕೆಳಗೆ ಹೋಗುತ್ತಿತ್ತು. ಬಗ್ಗಿ ಎತ್ತಿಕೊಳ್ಳುವಾಗ ನನ್ನ ಕಿವಿ ಬಿಸಿಯಾಗುತ್ತಿತ್ತು. ಆಗ ನಾನು ಮಾಡುತ್ತಿದ್ದದ್ದು, ಕಿಟಕಿ ಹತ್ತಿರ ಹೋಗಿ ನಿಲ್ಲುವುದು. ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ, ಉದ್ದಕ್ಕೆ ಬಿಡುವುದು. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ, ಅದು ದೇಹದ ಸ್ವಭಾವ. ಆಮೇಲೆ ಮನಸ್ಸಿನಲ್ಲಿ ಆಗುತ್ತಿರುವುದಕ್ಕೆ ಹೆಸರಿಡುವುದು: ‘ಇದು ಸಿಟ್ಟಾ?’ ಸರಿಯಾಗಿ ನೋಡಿದರೆ ಎಷ್ಟೋ ಸಲ ಅದು ಸಿಟ್ಟೇ ಆಗಿರುತ್ತಿರಲಿಲ್ಲ. ‘ಈ ಕೈ ಹೀಗೇ ಉಳಿದುಬಿಟ್ಟರೆ?’ ಅನ್ನುವ ಭಯ. ಭಯ ಅಂತ ಗೊತ್ತಾದ ಕೂಡಲೇ ಅಪ್ಪನಿಗೂ ಅದೇ ಭಯ ಇದೆ ಅಂತ ಕಾಣುತ್ತಿತ್ತು. ವಾಪಸ್ ಹೋಗಿ ಬೇರೆ ದನಿಯಲ್ಲಿ ಮಾತಾಡಲು ಆಗುತ್ತಿತ್ತು.

ಇದು ಬರೀ ನನ್ನ ನಂಬಿಕೆಯಲ್ಲ. 2007ರಲ್ಲಿ ಅಮೆರಿಕದ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಅವರ ತಂಡದವರು ಮಿದುಳಿನ ಸ್ಕ್ಯಾನ್ ಇಟ್ಟುಕೊಂಡು ಇದನ್ನು ನೋಡಿದ್ದಾರೆ. ಭಾವನೆ ತುಂಬಿದ ಮುಖಗಳ ಚಿತ್ರ ನೋಡುವಾಗ ಆ ಭಾವನೆಗೆ ಮಾತಿನಲ್ಲಿ ಹೆಸರು ಕೊಟ್ಟರೆ, ಮಿದುಳಿನಲ್ಲಿ ಭಯ-ಗಾಬರಿಗೆ ಸ್ಪಂದಿಸುವ ಅಮಿಗ್ಡಲಾ ಅನ್ನುವ ಭಾಗದ ಚಟುವಟಿಕೆ ಕಡಿಮೆಯಾಗುತ್ತಿತ್ತು.

ಮೂರನೆಯದು ಒಂದು ನೋಟ್‌ಬುಕ್. ರಾತ್ರಿ ಮಲಗುವ ಮುಂಚೆ ಒಂದು ಪುಟದ ನಡುವೆ ಗೆರೆ ಎಳೆಯುತ್ತೇನೆ. ಎಡಕ್ಕೆ ನನ್ನ ಕೈಯಲ್ಲಿಲ್ಲದ್ದು, ಬಲಕ್ಕೆ ನನ್ನ ಕೈಯಲ್ಲಿರುವುದು. ಒಂದು ಪುಟದಲ್ಲಿ ಎಡಕ್ಕೆ ಹೀಗಿದೆ: ‘ಅಪ್ಪ ಮತ್ತೆ ತಾವಾಗಿ ನಡೀತಾರಾ? ಇನ್ನೊಂದು ಸ್ಟ್ರೋಕ್ ಆಗುತ್ತಾ?’ ಬಲಕ್ಕೆ: ‘ಬಿಪಿ ಮಾತ್ರೆ ಮುಗೀತಾ ಬಂತು, ನಾಳೆ ತರಬೇಕು. ಫಿಸಿಯೋಥೆರಪಿಸ್ಟ್‌ಗೆ ಫೋನ್ ಮಾಡಿ ಕಾಲಿನ ವ್ಯಾಯಾಮ ಇನ್ನೊಂದು ಸಲ ಕೇಳಬೇಕು. ಬಾತ್‌ರೂಮಿಗೆ ಹಿಡಿಕೆ ಹಾಕಿಸಬೇಕು.’ ಎಡಗಡೆಯದ್ದಕ್ಕೆ ಉತ್ತರ ಇಲ್ಲ. ಆದರೂ ಬರೆಯುತ್ತೇನೆ. ಬರೆಯದೆ ಬಿಟ್ಟರೆ ಅದೇ ರಾತ್ರಿಯೆಲ್ಲ ತಲೆಯೊಳಗೆ ಸುತ್ತುತ್ತದೆ. ಬಿಪಿ ಮಾತ್ರೆ ಸರಿಯಾಗಿ ಕೊಡುವುದು ಎಡಗಡೆಯ ಎರಡನೇ ಪ್ರಶ್ನೆಗೆ ನಾವು ಮಾಡಬಹುದಾದ ದೊಡ್ಡ ಕೆಲಸ ಅಂತಲೂ ಹೀಗೆ ಅಕ್ಕಪಕ್ಕ ಬರೆದಾಗಲೇ ಕಣ್ಣಿಗೆ ಬಿದ್ದದ್ದು. ಸ್ಟ್ರೋಕ್‌ಗೆ ರಕ್ತದೊತ್ತಡ ಎಷ್ಟು ದೊಡ್ಡ ಕಾರಣ ಅಂತ ಡಾಕ್ಟರು ಮೊದಲೇ ಹೇಳಿದ್ದರು.

ಬರೆಯುವುದರ ಬಗ್ಗೆ ಒಂದು ಎಚ್ಚರಿಕೆ. 1986ರಲ್ಲಿ ಮನೋವಿಜ್ಞಾನಿ ಜೇಮ್ಸ್ ಪೆನ್ನಿಬೇಕರ್ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ 4 ದಿನ ತಮ್ಮ ಕಷ್ಟದ ಅನುಭವ ಬರೆದರು. ನಡೆದದ್ದರ ಜೊತೆಗೆ ಮನಸ್ಸಿಗಾದ ನೋವನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಬೇಸರ ಹೆಚ್ಚಾಗಿತ್ತು! ನನಗೂ ಹಾಗೇ. ಬರೆದು ಮುಗಿಸಿದಾಗ ಗಂಟಲು ಕಟ್ಟುತ್ತದೆ. ಅದಕ್ಕೇ ಎಡಗಡೆಯನ್ನು ಮೊದಲು ಬರೆದು, ಬಲಗಡೆಯಿಂದ ಮುಗಿಸುತ್ತೇನೆ. ನಾಳೆ ಮಾಡಬೇಕಾದ ಸಣ್ಣ ಕೆಲಸ ಕಣ್ಣ ಮುಂದೆ ಇದ್ದರೆ ನಿದ್ದೆ ಹತ್ತುವುದು ಸುಲಭ.

ನಡಿಗೆ, ಹೊತ್ತಿಗೆ ಸರಿಯಾದ ಊಟ, ಮಲಗುವಾಗ ಫೋನ್ ದೂರ ಇಡುವುದು, ಇವೆಲ್ಲ ಎಲ್ಲರಿಗೂ ಗೊತ್ತಿರುವುದೇ, ಹೆಚ್ಚು ಹೇಳುವುದಿಲ್ಲ. ಒಂದು ದಿನ ತಪ್ಪಿದರೆ ‘ಎಲ್ಲಾ ಹಾಳಾಯ್ತು’ ಅಂದುಕೊಳ್ಳಬೇಡಿ, ಅಷ್ಟೇ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಜೊತೆಗಾರರ ಅಧ್ಯಯನದಲ್ಲಿ ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನಕ್ಕೇ ಆಯಿತು. ಇನ್ನು ಕೆಲವರ ಲೆಕ್ಕ 254 ದಿನದವರೆಗೂ ಹೋಯಿತು. ನಡುವೆ ಒಂದು ದಿನ ಬಿಟ್ಟದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ.

ಇಷ್ಟೆಲ್ಲದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಜನ. ಹವಾಯಿಯ ಕವಾಯ್ ದ್ವೀಪದಲ್ಲಿ ಮನೋವಿಜ್ಞಾನಿ ಎಮ್ಮಿ ವರ್ನರ್ ಮತ್ತು ಜೊತೆಗಾರರು 1955ರಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯಲ್ಲಿ ಜಗಳ, ಹೆತ್ತವರ ಕಾಯಿಲೆ ಹೀಗೆ ಹಲವು ಕಷ್ಟ ಒಟ್ಟಿಗೆ ಇದ್ದ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಚೆನ್ನಾಗಿ ಬೆಳೆದರು. ಅಂಥವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡ ಒಂದು ವಿಷಯವೆಂದರೆ, ಅಜ್ಜಿಯೋ ಸಂಬಂಧಿಕರೋ ಟೀಚರೋ, ಬಿಡದೆ ಜೊತೆಗಿದ್ದ ದೊಡ್ಡವರು ಒಬ್ಬರಾದರೂ ಇದ್ದರು. ಇದನ್ನು ಓದಿದಾಗ ನನಗೆ ಬಹಳ ಸಮಾಧಾನವಾಯಿತು. ಊರು ತುಂಬ ಜನ ಬೇಕಿಲ್ಲ, ಅಲ್ವಾ?

ಆದರೆ ಆ ಒಬ್ಬರೂ ತಾವಾಗಿ ಬರುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ‘ಏನಾದ್ರೂ ಬೇಕಿದ್ರೆ ಹೇಳು’ ಅಂತ ಎಲ್ಲರೂ ಅನ್ನುತ್ತಾರೆ, ನಾವು ‘ಆಯ್ತು’ ಅನ್ನುತ್ತೇವೆ, ಮಾತು ಅಲ್ಲಿಗೆ ಮುಗಿಯುತ್ತದೆ. ನಾನು ಕೇಳುವ ರೀತಿ ಬದಲಾಯಿಸಿದೆ. ‘ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅಪ್ಪನ ಜೊತೆ ಕೂತಿರ್ತೀಯಾ? ಮಾತಾಡಿಸ್ತಾ ಇದ್ದರೆ ಸಾಕು.’ ಹೊತ್ತು, ಕೆಲಸ, ಮುಗಿಯುವ ಗಳಿಗೆ ಎಲ್ಲ ಸ್ಪಷ್ಟವಾಗಿದ್ದರೆ ಜನ ಹೂಂ ಅನ್ನುತ್ತಾರೆ. ಆಗದಿದ್ದರೆ ಇಲ್ಲ ಅನ್ನಲೂ ಅವರಿಗೆ ಸುಲಭ. ಇನ್ನೊಬ್ಬ ಗೆಳತಿಗೆ ಮೊದಲೇ ಹೇಳಿಟ್ಟಿದ್ದೇನೆ: ‘ನಾನು ಫೋನ್ ಮಾಡಿದರೆ ಸುಮ್ನೆ ಕೇಳು, ಸಲಹೆ ಬೇಡ.’ ಅವಳು ಹಾಗೇ ಕೇಳುತ್ತಾಳೆ. ಇಂಥವರನ್ನು ಕಷ್ಟದ ದಿನ ಹುಡುಕಲು ಆಗುವುದಿಲ್ಲ. ಚೆನ್ನಾಗಿದ್ದಾಗಲೇ ಅವರ ಕಷ್ಟವನ್ನೂ ಕೇಳಿಕೊಂಡು, ಬಳಕೆ ಉಳಿಸಿಕೊಂಡಿರಬೇಕು.

‘ಆಗೋದೆಲ್ಲ ಒಳ್ಳೆಯದಕ್ಕೇ’ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಪ್ಪನ ಕೈ ಹೋದದ್ದು ಯಾವ ಒಳ್ಳೆಯದಕ್ಕೂ ಅಲ್ಲ. ನಷ್ಟವನ್ನು ನಷ್ಟ ಅಂತಲೇ ಒಪ್ಪಿಕೊಂಡು ಬದುಕಲು ಬರುತ್ತದೆ. ಅದಕ್ಕೆ ಬಣ್ಣ ಹಚ್ಚಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದರೂ ಸಾಲದ ಸಮಯ ಬರಬಹುದು. ದಿನದ ಹೆಚ್ಚು ಹೊತ್ತು ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲ, ಎರಡು ವಾರ ಕಳೆದರೂ ಹಾಗೇ ಇದೆ ಅಂದರೆ ಡಾಕ್ಟರ ಹತ್ತಿರ ಹೋಗಬೇಕು. ಬದುಕೇ ಬೇಡ ಅನ್ನಿಸಿದರೆ ಅಷ್ಟು ದಿನವೂ ಕಾಯದೆ, ಅವತ್ತೇ ಹೋಗಬೇಕು. ನಾನೂ ಒಂದು ಹಂತದಲ್ಲಿ ಆಪ್ತಸಮಾಲೋಚಕರನ್ನು ಕಂಡೆ. ಅವರು ಅಪ್ಪನ ವಿಷಯ ಆಮೇಲೆ ಕೇಳಿದರು. ಮೊದಲು ಕೇಳಿದ್ದು, ‘ನಿನ್ನೆ ನೀವು ಎಷ್ಟು ಗಂಟೆ ಮಲಗಿದ್ರಿ? ಊಟ ಮಾಡಿದ್ರಾ?’ ಅಂತ. ಅದುವರೆಗೆ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ನಿಮಗೆ ಗೊತ್ತಿರುವ ಯಾರಾದರೂ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುತ್ತಿದ್ದರೆ, ಈ ವಾರ ಅವರಿಗೆ ಫೋನ್ ಮಾಡಿ ಇದನ್ನೇ ಕೇಳಿ.